ಬೆಲ್ಜಿಯಂ ಮೇಲೊಂದು ಜೋಳದ ಕಾಳು

ಆನವಟ್ಟಿಯ ಬೀಜದಂಗಡಿಯವರು ಬಿಯರನ್ನು ತುಟಿಗೆ ಮುಟ್ಟಿಸಿದವರಲ್ಲ. ಆದರೂ ತೊಂಬತ್ತರ ದಶಕದ ಆ ಮಧ್ಯಾಹ್ನಗಳಲ್ಲಿ, ಗಿರಾಕಿಗಳಿಲ್ಲದಾಗ, ನನ್ನೆದುರು ಹಳೆಯ ಪ್ರಪಂಚ ಭೂಪಟ ಹರವಿ ಬೆಲ್ಜಿಯಂ ಮೇಲೆ ಗೋವಿನಜೋಳದ ಕಾಳೊಂದನ್ನು ಇಡುತ್ತಿದ್ದರು. ದೇಶ ಪೂರ್ತಿ ಮುಚ್ಚಿಹೋಗುತ್ತಿತ್ತು.

“ಈ ದೇಶ ಸುತ್ತೋದು ಅಂದ್ರೆ ಶಿಕಾರಿಪುರದಿಂದ ಸೊರಬಕ್ಕೆ ಹೋದಂಗೆ ರೀ. ಊರೂರಿಗೆ ಇಳಕಂತ, ಒಂದೊಂದು ಗ್ಲಾಸ್ ಕುಡಕಂತ ಹೋದ್ರಾತು. ಅಲ್ಲಿ ಮಠದ ಸ್ವಾಮಿಗಳೇ ಬಿಯರ್ ಮಾಡ್ತಾರಂತೆ,” ಎಂದು ಕಣ್ಣು ಮುಚ್ಚಿ, ಕೈಯಲ್ಲಿಲ್ಲದ ಗ್ಲಾಸಿನ ನೊರೆಯನ್ನು ಮೆಲ್ಲಗೆ ಊದುತ್ತಿದ್ದರು.

ಒಂದು ದಿನ ಹಾಗೆ ಊದುತ್ತಿದ್ದವರು ತಟ್ಟನೆ ನಿಲ್ಲಿಸಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು.

“ಕುಡಿಯೋವಾಗ ಇದನ್ನ ಎಲ್ಲಿಡ್ಲಿ?”

“ದೇವರ ಮನೇಲಿ ಇಟ್ಟು ಹೋಗ್ರಿ,” ಎಂದೆ.

ಅವರು ಕರಡಿಗೆಯಿಂದ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಕಾಳನ್ನು ತೆಗೆದು ಚೀಲಕ್ಕೆ ಹಾಕುತ್ತಾ, “ಅಷ್ಟು ದೂರ ನಾನೊಬ್ನೇ ಹೆಂಗೆ ಹೋಗ್ಲಿ ರೀ,” ಎಂದರು.