ಎಡಗಡೆಯ ಕಿಟಕಿಯ ರಬ್ಬರು

ನಮ್ಮ ಕಾರಿನ ಕಿಟಕಿಗಳ ಸುತ್ತ ಇರುವ ರಬ್ಬರು ಪಟ್ಟಿಗೆ ಪ್ರತಿ ಭಾನುವಾರ ತೆಂಗಿನೆಣ್ಣೆ ಹಚ್ಚುವುದು ನನ್ನ ಗಂಡನ ಕ್ರಮವಾಗಿತ್ತು. ಎಷ್ಟು ವರ್ಷ ಹಚ್ಚಿದರು ಎಂಬುದು ನನಗೆ ಖಚಿತವಿಲ್ಲ. ಕಾರು ಕೊಂಡ ದಿನದಿಂದ ಎಂದು ಅವರು ಹೇಳುತ್ತಾರೆ. ಮೊದಮೊದಲು ಬರೀ ಒರೆಸುತ್ತಿದ್ದರು, ಎಣ್ಣೆ ಆಮೇಲೆ ಬಂತು ಎಂದು ನನ್ನ ನೆನಪು. ಇಂಥ ವಿಷಯದಲ್ಲಿ ಯಾರ ನೆನಪು ಸರಿ ಎಂಬ ಜಗಳ ಹಿಂದೆ ನಮಗೆ ನಗುವ ಸಂಗತಿಯಾಗಿತ್ತು. ಈಗ ಇಬ್ಬರೂ ನಗುವುದಿಲ್ಲ.

ಮುಂಬಯಿಯ ಹೊರವಲಯದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕಾರು ಬಯಲಲ್ಲೇ ನಿಲ್ಲುತ್ತದೆ. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಬಾನೆಟ್ಟಿನ ಮೇಲೆ ಬೆರಳಿನಿಂದ ಬರೆಯಬಹುದಾದಷ್ಟು ಕಪ್ಪು ಪುಡಿ ಕೂತಿರುತ್ತದೆ. ಅದು ರಬ್ಬರಿನ ಸಂದಿಗೆ ಇಳಿದರೆ ಗಾಜು ಏರಿಸಿ ಇಳಿಸುವಾಗ ಕಿರ್ರೆನ್ನುತ್ತದೆ. ಆ ಸದ್ದು ಅವರಿಗೆ ಆಗುತ್ತಿರಲಿಲ್ಲ. ಐಸ್‌ಕ್ರೀಮ್ ಕಡ್ಡಿಗೆ ಹಳೆಯ ಬನಿಯನ್ನಿನ ಚೂರು ಸುತ್ತಿ ಸಂದಿಯ ಧೂಳನ್ನು ಎಳೆದು ತೆಗೆಯುವರು. ಆಮೇಲೆ ಎಣ್ಣೆ. ಅದನ್ನು ಉಡುಪಿಯಲ್ಲಿರುವ ಅವರ ಅಕ್ಕ ಬಸ್ಸಿನಲ್ಲಿ ಕಳಿಸುತ್ತಿದ್ದರು. ಚಳಿಗೆ ಹೆಪ್ಪುಗಟ್ಟಿದರೆ ಬಾಟಲಿಯನ್ನು ಬಾನೆಟ್ಟಿನ ಮೇಲೆ ಬಿಸಿಲಿಗಿಟ್ಟು ಕಾಯುವರು. ಥಾಣೆಯ ಹೋಟೆಲೊಂದರ ಗಲ್ಲಾದ ಹಿಂದೆ ವಾರವಿಡೀ ನಿಂತು ಬಂದವರಿಗೆ ರಜೆಯ ಬೆಳಿಗ್ಗೆ ಇದೇ ಆರಾಮ. ಮಗುವಿನ ಕಿವಿಯ ಹಿಂದೆ ಹಚ್ಚುವ ಹಾಗೆ ಬೆರಳ ತುದಿಯಲ್ಲಿ ಹಚ್ಚುತ್ತಿದ್ದರು ಎಂದು ಈಗ ಬರೆಯಲು ಹೊರಟೆ. ಆದರೆ ಆ ಹೋಲಿಕೆ ಆಗ ಹೊಳೆದದ್ದಲ್ಲ, ಅವರು ಕಾಯಿಲೆ ಬಿದ್ದ ಮೇಲೆ ಹುಟ್ಟಿದ್ದು. ಆಗ ನನಗೆ ಬರುತ್ತಿದ್ದದ್ದು ಸಿಟ್ಟು ಎಂದೇ ಕಾಣುತ್ತದೆ. ಭಾನುವಾರದ ತರಕಾರಿ ತರುವವರು ಯಾರು?

"ತಲಿಗೆ ಹಚ್ಚೂದು ಬಿಟ್ಟು ಕಾರಿಗೆ ಹಚ್ಚಾಕತ್ತೀರಲ್ರಿ," ಎನ್ನುತ್ತಿದ್ದೆ. ನಾನು ಧಾರವಾಡದವಳು. ಅಲ್ಲಿ ಎಂ.ಎ. ಮುಗಿಸಿ ಇಲ್ಲಿಯ ಕನ್ನಡ ಶಾಲೆಯೊಂದಕ್ಕೆ ಇತಿಹಾಸ ಕಲಿಸಲು ಬಂದವಳು, ಮದುವೆಯಾಗಿ ಇಲ್ಲೇ ಉಳಿದೆ.

"ತಲೆಯಲ್ಲಿ ಕೂದಲು ಎಲ್ಲುಂಟು ಮಾರಾಯ್ತಿ? ಇದಕ್ಕಾದರೂ ಹಚ್ಚುವ. ಶೇಂಗಾ ಎಣ್ಣೆಯಲ್ಲಿ ಬೆಳೆದವರಿಗೆ ಇದರ ಮರ್ಯಾದೆ ಗೊತ್ತಾಗುದಿಲ್ಲ."

ಅವರ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆ. ಸ್ಪಂಜಿನ ಹಾಗಿರಬೇಕಾದದ್ದು ಚರ್ಮದ ಹಾಗಾಗುತ್ತಿದೆ ಎಂದು ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಡಾಕ್ಟರು ವಿವರಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬೇಸರಿಸದೆ ಮಾತಾಡುವವಳು. ಮೊದಲ ದಿನವೇ ಸಾಕಷ್ಟು ಪ್ರಶ್ನೆ ಕೇಳಿದ್ದಳು. ಮನೆಯ ಹತ್ತಿರ ಪಾರಿವಾಳಗಳಿವೆಯೇ? ಗೋಡೆ ಒದ್ದೆಯಾಗಿ ಬೂಷ್ಟು ಹಿಡಿದಿದೆಯೇ? ಬೂಷ್ಟಿನ ಗಾಳಿ ದಿನವೂ ಒಳಗೆ ಹೋಗುವಂಥ ಜಾಗ ಬೇರೆ ಯಾವುದಾದರೂ ಇದೆಯೇ? ಕೆಲವರಲ್ಲಿ ಈ ರೋಗ ಶುರುವಾಗುವುದೇ ಅದರಿಂದ, ಹಾಗೆ ಅಲ್ಲದಿದ್ದರೂ ಇದ್ದ ರೋಗವನ್ನು ಅದು ಹೆಚ್ಚಿಸುತ್ತದೆ ಎಂದಳು. ನಾವು ಎಲ್ಲಕ್ಕೂ ಇಲ್ಲ ಎಂದೆವು. ನಮ್ಮ ಗೋಡೆಗಳು ಒಣಗಿವೆ. ಪಾರಿವಾಳಕ್ಕೆ ಬಲೆ ಕಟ್ಟಿದ್ದೇವೆ. ಕಾರು ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ಅಂದಿನಿಂದ ಆಸ್ಪತ್ರೆಗೆ ಹೋಗಿ ಬರುವುದು ಕಾರಿನಲ್ಲೇ. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವುದು ಅವರಿಂದ ಆಗದ ಮಾತು. ಬಾಡಿಗೆ ಕ್ಯಾಬುಗಳಲ್ಲಿ ಸುಗಂಧದ ಡಬ್ಬಿ ತೂಗುಹಾಕಿರುತ್ತಾರೆ, ಆ ವಾಸನೆ ಮೂಗಿಗೆ ಬಿದ್ದರೆ ಕೆಮ್ಮು ನಿಲ್ಲುವುದಿಲ್ಲ. ನಾನೇ ಓಡಿಸುತ್ತೇನೆ. ಅವರು ಎಡಗಡೆ, ಕಾಲ ಬಳಿ ಆಕ್ಸಿಜನ್ ಸಿಲಿಂಡರು. ಈ ಕಾರಿಲ್ಲದೆ ಅವರು ಮನೆಯಿಂದ ಹೊರಗೆ ಬರುವ ದಾರಿಯೇ ಇಲ್ಲ. ರಬ್ಬರಿಗೆ ಎಣ್ಣೆ ಹಚ್ಚುವ ಕೆಲಸವೂ ನನಗೆ ಬಂತು. ಅವರು ಎರಡನೆಯ ಮಹಡಿಯ ಕಿಟಕಿಯಲ್ಲಿ ಕುರ್ಚಿ ಹಾಕಿ ಕೂರುವರು. ಕೂಗಲು ಉಸಿರಿಲ್ಲ, ಹಾಗಾಗಿ ಫೋನು.

"ಮೇಲಿನ ಮೂಲೆ ಬಿಟ್ಟೆಯಲ್ಲ ನೀನು. ಅದು ಯಾರಿಗೆ, ಮುನ್ಸಿಪಾಲಿಟಿಗಾ?"

"ಕಾಣಸ್ತದೇನ್ರಿ ಅಲ್ಲಿಂದ?"

"ಕಾಣುದಿಲ್ಲ. ನಿನ್ನ ಬುದ್ಧಿ ಗೊತ್ತುಂಟಲ್ಲ."

ಕಂಪೌಂಡಿನಲ್ಲಿ ಓಡಾಡುವವರು ಫೋನು ಕಿವಿಗೆ ಸಿಕ್ಕಿಸಿಕೊಂಡು ಕಾರಿಗೆ ಎಣ್ಣೆ ತಿಕ್ಕುವ ಮುದುಕಿಯನ್ನು ನೋಡಿ ಏನೆಂದುಕೊಂಡರೋ. ಆ ಭಾನುವಾರಗಳನ್ನು ನಾನು ಸಂತೋಷದವು ಎಂದು ನೆನೆಯುತ್ತೇನೆ. ನೆನಪಿನ ಈ ಔದಾರ್ಯವನ್ನು ನಾನು ನಂಬುವುದಿಲ್ಲ. ಅವರು ಕುರ್ಚಿಯಿಂದ ಹಾಸಿಗೆಗೆ ಮರಳಲು ಗೋಡೆ ಹಿಡಿಯುತ್ತಿದ್ದುದೂ ಅದೇ ಭಾನುವಾರಗಳಲ್ಲಿ.

ಈ ಸಲದ ಮಳೆ ಹಿಡಿದ ಮೇಲೆ ಒಂದು ದಿನ ಆಸ್ಪತ್ರೆಗೆ ಹೊರಟೆವು. ಕಾರಿನ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ. ಏಸಿ ಹಾಕಿದರೆ ಇನ್ನೂ ಹೆಚ್ಚಾಯಿತು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಮುಂದೆ ಹೋಗಲಾರದೆ ಹಿಂದೆ ಬರಲಾರದೆ ನಿಂತಿದ್ದಾಗ ಅವರಿಗೆ ಹತ್ತಿದ ಕೆಮ್ಮು ಆಸ್ಪತ್ರೆಯ ಗೇಟಿನವರೆಗೂ ಬಿಡಲಿಲ್ಲ. ಮನೆಗೆ ಬಂದ ಮೇಲೆ ಅವರನ್ನು ಮಲಗಿಸಿ ಕೆಳಗಿಳಿದು ಅವರ ಕಾಲಡಿಯ ಮ್ಯಾಟು ಎತ್ತಿದೆ. ಅಡಿಯಲ್ಲಿ ನೀರು ನಿಂತಿತ್ತು. ಎಡಗಡೆಯ ಕಿಟಕಿಯ ರಬ್ಬರು ಊದಿಕೊಂಡು, ಗಾಜನ್ನು ಹಿಡಿಯುವ ಬದಲು ಹೊರಕ್ಕೆ ಮಡಚಿಕೊಂಡಿತ್ತು.

ಕಲ್ಯಾಣದಲ್ಲಿ ಗಾಡಿಯ ಗಾಜು ರಬ್ಬರು ಮಾರುವ ಅಂಗಡಿಗಳ ಸಾಲಿದೆ. ಅಲ್ಲಿಗೆ ಹೋಗುತ್ತೇನೆಂದು ಗೊತ್ತಾದಾಗ ಘಣಸೋಲಿಯಲ್ಲಿರುವ ಮಗಳು ಫೋನಿನಲ್ಲಿ ಬೈದಳು. ಅವಳಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. "ಮಮ್ಮಿ, ಬೇಚ್ ಡಾಲೋ ನಾ ವೋ ಡಬ್ಬಾ. ರಬ್ಬರ್ ಕೇ ಲಿಯೇ ಕಲ್ಯಾಣ್ ಕೌನ್ ಜಾತಾ ಹೈ?" ಆ ಡಬ್ಬವನ್ನು ಮಾರಿಬಿಡು, ರಬ್ಬರಿಗಾಗಿ ಕಲ್ಯಾಣಕ್ಕೆ ಯಾರು ಹೋಗುತ್ತಾರೆ ಎಂದು.

ಅಂಗಡಿಯವನು ಹಳೆಯ ಪಟ್ಟಿಯನ್ನು ಕಿತ್ತು, ಉಗುರಿನಿಂದ ಒತ್ತಿ, ಮೂಸಿ ನೋಡಿದ. "ಕ್ಯಾ ಆಂಟಿ, ಇಸಮೇ ಭಜಿಯಾ ತಲೇ ಕ್ಯಾ?" ಎಂದ. ಭಜಿ ಕರಿದಿರಾ ಎಂದು. ಪಕ್ಕದ ಅಂಗಡಿಯವನಿಗೂ ಕೇಳಿಸಿ ಇಬ್ಬರೂ ನಕ್ಕರು. ನಾನೂ ನಕ್ಕೆ. ಎಣ್ಣೆಯಲ್ಲಿ ರಬ್ಬರು ಊದುತ್ತದೆ, ಅಂಟಾಗುತ್ತದೆ, ಧೂಳು ಕೂತು ಕೊಳೆಯುತ್ತದೆ, ಸೋಪಿನ ನೀರಲ್ಲಿ ಒರೆಸಿ ಒಣಗಿಸಿದರೆ ಸಾಕಿತ್ತು ಎಂದು ಹೇಳಿ, ಮುಂದಿನ ಗಿರಾಕಿಯೊಡನೆ ಮಾತಿಗೆ ಹೋದ. ಅವನ ಕೆಲಸದ ಹುಡುಗರು ನಾಲ್ಕೂ ಬಾಗಿಲಿಗೆ ಹೊಸ ಪಟ್ಟಿ ಕೂರಿಸಿದರು. ಅಲ್ಲೇ ಬಕೆಟ್ಟಿನಿಂದ ನೀರು ಸುರಿದು ನೋಡಿದೆವು. ಒಳಗೆ ಒಂದು ಹನಿಯೂ ಬರಲಿಲ್ಲ.

ಮನೆಯಿಂದ ಹೊರಡುವಾಗಲೇ ಇವರು ಹೇಳಿ ಕಳಿಸಿದ್ದರು. "ಹಳೇ ರಬ್ಬರ್ ಬೀಡಿಂಗ್ ಅಲ್ಲಿ ಬಿಟ್ಟು ಬರಬೇಡ. ಅದನ್ನೇ ತೊಳೆದು ಇನ್ನೊಬ್ಬರಿಗೆ ಹಾಕ್ತಾನೆ ಅವ." ಹಾಗಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ತಂದೆ. ಅದನ್ನು ದಾರಿಯಲ್ಲಿ ಎಸೆದುಬಿಟ್ಟಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

"ಎಂತ ಹೇಳಿದ ಕಲ್ಯಾಣದವ?"

"ಎಣ್ಣಿ ಹಚ್ಚಬಾರದಿತ್ತಂತ."

"ಹೇಳದೆ ಏನು ಮಾಡ್ತಾನೆ? ಅವನಿಗೆ ಹೊಸದು ಮಾರಬೇಕಲ್ಲ," ಎಂದು ನಕ್ಕರು. ಚೀಲ ಬಿಚ್ಚಿ ಎಡಗಡೆಯ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿದರು. ಮೇಲ್ಭಾಗ ಹೊಳೆಯುತ್ತಿತ್ತು. ಬೆರಳಿನಿಂದ ಅದರ ತುಟಿಯನ್ನು ಅಗಲಿಸಿದಾಗ ಒಳಗೆಲ್ಲ ಕರಿಹಸಿರು ಬೂಷ್ಟು, ಅಂಟಂಟು. ನಾನು ತಡೆಯುವ ಮೊದಲೇ ಮೂಗಿನ ಹತ್ತಿರ ಹಿಡಿದರು.

"ನಮ್ಮ ಎಣ್ಣೆಯದ್ದೇ ವಾಸನೆ. ಹಳಸಿದೆ."

ಚೀಲವನ್ನು ಕಿತ್ತುಕೊಂಡು ಹೊರಗಿಟ್ಟು ಬಂದೆ. ಕೈ ತೊಳೆಸಿದೆ. ಅವರು ಟವೆಲ್ಲಿನಲ್ಲಿ ಕೈ ಒರೆಸುತ್ತಲೇ ಇದ್ದರು, ಒಣಗಿದ ಮೇಲೂ. ಆಮೇಲೆ ಕೇಳಿದರು.

"ನನ್ನ ಕೆಮ್ಮು ಮೊದಲಾ, ಕಾರಿಗೆ ನೀರು ಬಂದದ್ದು ಮೊದಲಾ?"

"ನೀರು ಈ ವರ್ಷ ಬಂದೈತ್ರಿ."

"ಈ ವರ್ಷ ಕಂಡದ್ದು. ಇಷ್ಟು ಬೂಷ್ಟು ಒಂದು ಮಳೆಗೆ ಬರುದಿಲ್ಲ. ಮುಂಚೆ ವಾಸನೆ ಬರ್ತಿತ್ತಾ? ನೀನು ಎಲ್ಲ ನೆನಪಿಟ್ಟುಕೊಳ್ತಿಯಲ್ಲ, ಹೇಳು."

ಅವರು ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಬೂಷ್ಟಿನ ಬಗ್ಗೆ ಡಾಕ್ಟರು ಕೇಳಿದ್ದ ಪ್ರಶ್ನೆ ಈಗ ಅವರಿಗೆ ತಲುಪಿತ್ತು. ಡೊಂಬಿವಲಿಯಿಂದ ಥಾಣೆಗೆ, ಥಾಣೆಯಿಂದ ಡೊಂಬಿವಲಿಗೆ, ಕಿಟಕಿ ಮುಚ್ಚಿ ಏಸಿ ಹಾಕಿಕೊಂಡು ಅವರು ವರ್ಷಗಟ್ಟಲೆ ಓಡಾಡಿದ್ದು ಇದೇ ಕಾರಿನಲ್ಲಿ. ಎಣ್ಣೆ ಹಚ್ಚಿದ್ದು ಅವರ ಕೈ. ಈ ಕಾಯಿಲೆಯನ್ನು ತಾನೇ ಭಾನುವಾರ ಭಾನುವಾರ ತಯಾರು ಮಾಡಿಕೊಂಡೆನೇ ಎಂಬುದು ಅವರ ಪ್ರಶ್ನೆ.

"ನೆನಪು ಮಾಡಿಕೊಂಡು ಹೇಳ್ತೀನ್ರಿ," ಎಂದೆ.

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವಳು ನಾನು. ಒಂದು ಘಟನೆ ಇನ್ನೊಂದಕ್ಕಿಂತ ಮೊದಲು ನಡೆಯಿತೆನ್ನಲು ಆಧಾರ ಬೇಕು ಎಂದು ಹೇಳಿಕೊಟ್ಟವಳು. ದಿನಚರಿ ಬರೆಯುತ್ತೇನೆ, ಆದರೆ ಆ ವರ್ಷಗಳ ಪುಟಗಳಲ್ಲಿ ಇರುವುದು ಶಾಲೆಯ ತಕರಾರು, ಬಂದುಹೋದ ನೆಂಟರು. ಕೆಮ್ಮನ್ನು ಯಾರು ಬರೆದಿಡುತ್ತಾರೆ? ಕಣ್ಣು ಮುಚ್ಚಿದರೆ ಎರಡೂ ಕಾಣುತ್ತವೆ. ಒಂದರಲ್ಲಿ ಅವರು ಅಡಿಗೆಮನೆಯ ಬಾಗಿಲಿಗೆ ಒರಗಿ ಒಣ ಕೆಮ್ಮು ಕೆಮ್ಮುತ್ತಿದ್ದಾರೆ, ಕಾರಿನ ಸೀಟುಗಳು ಇನ್ನೂ ಹೊಸವು. ಇನ್ನೊಂದರಲ್ಲಿ ನಾನು ಕಾರಿನ ಬಾಗಿಲು ತೆಗೆದು, ಇದೇನು ವಾಸನೆ ಎನ್ನುತ್ತಿದ್ದೇನೆ, ಅವರು ಆರೋಗ್ಯವಾಗಿ ನಿಂತು ಸಿಳ್ಳೆ ಹಾಕುತ್ತಿದ್ದಾರೆ. ಎರಡರಲ್ಲೂ ಬೆಳಕಿದೆ, ಬಣ್ಣವಿದೆ. ಯಾವುದು ನಡೆದದ್ದು, ಯಾವುದು ನಾನು ಕಟ್ಟಿದ್ದು, ತಿಳಿಯುವುದಿಲ್ಲ.

ಮಗಳನ್ನು ಕೇಳಿದೆ. "ಅರೇ, ವೋ ಬದಬೂ ತೋ ಮೇರೇ ಕಾಲೇಜ್ ಸೇ ಹೈ," ಎಂದಳು. ಅವಳು ಕಾಲೇಜಿನಲ್ಲಿದ್ದಾಗಲೇ ಆ ನಾತ ಇತ್ತೆಂದು. ಆಗ ಇವರಿಗೆ ಕೆಮ್ಮಿರಲಿಲ್ಲ, ಅಷ್ಟು ಖಚಿತ. ಹಾಗಿದ್ದರೆ ವಾಸನೆಯೇ ಮೊದಲು. ಆದರೆ ಮಾತು ಮುಂದುವರಿಸಿ, ಆ ನೀಲಿ ಸೀಟು ಒದ್ದೆಯಾಗಿರುತ್ತಿತ್ತು ಎಂದಳು. ನೀಲಿ ಸೀಟು ಇದ್ದದ್ದು ಹಿಂದಿನ ಕಾರಿನಲ್ಲಿ. ಅವಳ ಸಾಕ್ಷಿಯನ್ನು ಅದೊಂದರಿಂದ ತಳ್ಳಿಹಾಕಬಹುದೇ? ಕ್ಲಾಸಿನಲ್ಲಾದರೆ ಹಾಗೆ ಮಾಡಲು ಬಿಡುತ್ತಿರಲಿಲ್ಲ. ನಾನು ತಳ್ಳಿಹಾಕಿದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವರನ್ನು ಹೊರಗೆ ಕೂರಿಸಿ ಡಾಕ್ಟರನ್ನೂ ನಾನೊಬ್ಬಳೇ ಕೇಳಿದೆ. ಕಾರಿನಿಂದ ಆಗಿರಬಹುದು, ಆಗದೆಯೂ ಇರಬಹುದು, ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ, ಈಗ ಅದು ಗೊತ್ತಾದರೂ ಔಷಧಿ ಬದಲಾಗುವ ಹಂತ ದಾಟಿದೆ ಎಂದಳು. ಪ್ರತಿ ತಿಂಗಳು ಕರೆದುಕೊಂಡು ಬರುವ ಕಷ್ಟ ಬೇಡ, ಮನೆಯಲ್ಲೇ ಆಕ್ಸಿಜನ್ ಮಿಷನ್ ಇಟ್ಟುಕೊಳ್ಳಿ ಎಂದೂ ಸೇರಿಸಿದಳು. ಮಿಷನ್ ಬಾಡಿಗೆಗೆ ಕೊಡುವವರ ನಂಬರು ಬರೆದುಕೊಂಡು ಹೊರಗೆ ಬಂದೆ.

ಹಿಂತಿರುಗುವಾಗ ಮಹಾಪೆ ದಾಟಿದ ಮೇಲೆ ಜೋರು ಮಳೆ ಹಿಡಿಯಿತು. ನೀರು ಗಾಜಿನ ಮೇಲೆ ಹರಿಯುತ್ತಿತ್ತು, ಒಳಗೆ ಎಲ್ಲ ಒಣ. ಅವರು ಹೊಸ ರಬ್ಬರಿನ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡರು.

"ನೆನಪಾಯ್ತಾ?"

"ಆತ್ರಿ. ಕೆಮ್ಮೇ ಮೊದಲು. ಅದು ಶುರುವಾದ ವರ್ಷ ದೀಪಾವಳಿಗೆ ಹಣತಿ ಹಚ್ಚುವಾಗ ಕೆಮ್ಮಿದ್ರಿ. ಕಾರಿನ್ಯಾಗ ವಾಸನಿ ಬಂದದ್ದು ಅದರ ಮುಂದಿನ ಮಳಿಗಾಲದಾಗ."

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಆ ದೀಪಾವಳಿಗೆ ನಾವು ಅಕ್ಕನ ಮನೆಗೆ ಹೋಗಿದ್ದೆವಲ್ಲ ಮಾರಾಯ್ತಿ. ಇಲ್ಲಿ ಹಣತೆ ಹಚ್ಚಲೇ ಇಲ್ಲ."

"ಹಂಗಾದ್ರ ಅದರ ಹಿಂದಿನ ವರ್ಷ ಇರಬೇಕು. ಕೆಮ್ಮಿದ್ದು ಮಾತ್ರ ಖರೇ. ನೀರು ಕುಡಿಸಿದ್ದು ನಾನ ಅಲ್ಲೇನು?"

ಅವರು ನನ್ನ ಕಡೆ ನೋಡಿದರು. ಹೋಟೆಲಿನಲ್ಲಿ ತಡವಾಗಿ ಬಂದ ಕೆಲಸದವನು ರೈಲಿನ ನೆಪ ಹೇಳಿದಾಗ ಗಲ್ಲಾದಿಂದ ಅವರು ಹಾಗೆ ನೋಡುತ್ತಿದ್ದರು.

"ಇರಬಹುದು," ಎಂದರು. "ನೀನು ಹೇಳಿದ ಮೇಲೆ ಹೌದೇ."

ಮತ್ತೆ ಅವರು ಕೇಳಿಲ್ಲ. ನಂಬಿದರೋ, ನನಗಾಗಿ ಒಪ್ಪಿಕೊಂಡರೋ ಗೊತ್ತಿಲ್ಲ. ಈಗ ನಡುಮನೆಯಲ್ಲಿ ಮಿಷನ್ ಹಗಲೂ ರಾತ್ರಿ ಸದ್ದು ಮಾಡುತ್ತದೆ. ಕಾರು ಕೆಳಗಿದೆ, ಹತ್ತುವವರಿಲ್ಲ. ನನಗೆ ಭಯವಾಗುವುದು ಬೇರೊಂದಕ್ಕೆ. ಅಂದು ದಾರಿಯಲ್ಲಿ ನಾನು ಕಟ್ಟಿ ಹೇಳಿದ ಆ ದೀಪಾವಳಿ ದಿನದಿಂದ ದಿನಕ್ಕೆ ಸ್ಪಷ್ಟವಾಗುತ್ತಿದೆ. ಹಣತೆಯ ಸಾಲು ಕಾಣುತ್ತದೆ, ಅವರು ಬಗ್ಗಿ ಕೆಮ್ಮುವುದು ಕೇಳುತ್ತದೆ, ನಾನು ಕೊಟ್ಟ ಸ್ಟೀಲಿನ ಲೋಟ ಯಾವುದೆಂದು ಕೂಡ ಹೇಳಬಲ್ಲೆ. ಇದು ಸುಳ್ಳೆಂದು ಹೇಳಬಲ್ಲವರು ಅವರೊಬ್ಬರೇ. ಅವರು ಹೋದ ಮೇಲೆ ನಾನು ಹೇಳಿದ್ದೇ ನಡೆದದ್ದಾಗಿ ಉಳಿಯುತ್ತದೆ, ನನ್ನ ಮಟ್ಟಿಗೂ.