ಕೋವೈ ಲೇನಿನ ಕೌನ್ಸಿಲರ್

ನಮ್ಮೂರಿನ ಕೌನ್ಸಿಲ್ ಕಟ್ಟಡ ಕಂಡರೆ ನನಗೆ ವಾಕರಿಕೆ ಬರುತ್ತದೆ. ಔಷಧಿ ಅಂಗಡಿಗೆ ಹೋಗುವಾಗ ಬೇಕೆಂದೇ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತೇನೆ. ಗಾಜಿನ ಗೋಡೆ, ಚಳಿಗಾಲದಲ್ಲೂ ಪಾದಕ್ಕೆ ಬೆಚ್ಚಗಿರುವ ನೆಲ, ಬಾಗಿಲಲ್ಲಿ ಕುಂಡದೊಳಗಿನ ಜರೀಗಿಡ. ಆ ಬೆಚ್ಚನೆಯ ನೆಲ ನಮ್ಮ ಮನೆಗಳ ಮಾಡಿನ ರಿಪೇರಿಗೆಂದು ಇಟ್ಟ ದುಡ್ಡಿನಿಂದ ಆದದ್ದು. ಇದೇನೂ ಗುಟ್ಟಲ್ಲ, ವೈಟೋರಾ ಊರಿಗೆಲ್ಲ ಗೊತ್ತಿರುವ ಸಂಗತಿ.

ನಾನು ಹೇಳಬೇಕೆಂದಿರುವುದು ನೋಲೀನ್ ಪಾಸ್ಕೋಳ ವಿಷಯ. ಕೋವೈ ಲೇನ್ ಎಂಬ ಓಣಿಯಲ್ಲಿ ಅವಳು ನನ್ನ ಪಕ್ಕದ ಮನೆಯವಳು. ಸ್ವಂತ ಮನೆಯಿಲ್ಲದ ಮುದುಕ ಮುದುಕಿಯರಿಗೆಂದು ಕೌನ್ಸಿಲ್ ಹಿಂದೆ ಅಲ್ಲಿ ಇಟ್ಟಿಗೆಯ ಪುಟ್ಟ ಮನೆಗಳನ್ನು ಸಾಲಾಗಿ ಕಟ್ಟಿಸಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ. ಅವಳು ಕೆಮ್ಮಿದರೆ ನನಗೆ ಕೇಳುತ್ತಿತ್ತು. ನಾನು ರೇಡಿಯೊ ಜೋರು ಮಾಡಿದರೆ ಅವಳು ಗೋಡೆ ಕುಟ್ಟುತ್ತಿದ್ದಳು.

ಕುರಿಯ ಉಣ್ಣೆ ಕತ್ತರಿಸುವ ತಂಡಗಳಿಗೆ ಅಡುಗೆ ಮಾಡುತ್ತ ಆಯುಷ್ಯ ಸವೆಸಿದವಳು ನೋಲೀನ್. ಒಂದು ಫಾರಂ ಮುಗಿಸಿ ಇನ್ನೊಂದು ಫಾರಂಗೆ, ವರ್ಷವಿಡೀ ತಿರುಗಾಟ. ಕೂಡಿಟ್ಟದ್ದನ್ನೆಲ್ಲ ಗಂಡ ಕುದುರೆ ರೇಸಿಗೆ ಸುರಿದು, ಒಂದು ದಿನ ತಾನೂ ಹೊರಟುಹೋದ. ಕತ್ತರಿ ಹಿಡಿದ ಆ ಒರಟು ಗಂಡಸರೆಲ್ಲ ಅವಳ ನಾಲಿಗೆಗೆ ಹೆದರುತ್ತಿದ್ದರಂತೆ. ಮಾಂಸ ಬೆಂದಿಲ್ಲ ಎಂದವನಿಗೆ ಅವಳು ಎರಡು ದಿನ ಬರೀ ಬ್ರೆಡ್ಡು ಕೊಟ್ಟಿದ್ದನ್ನು ಈಗಲೂ ನಮ್ಮ ಕಡೆ ಹೇಳಿ ನಗುತ್ತಾರೆ. ಕೋವೈ ಲೇನಿನ ಆ ಒಂದು ಕೋಣೆ ಸಿಕ್ಕಾಗ, ತನ್ನದೇ ಅಡುಗೆಮನೆಯಲ್ಲಿ ತನ್ನೊಬ್ಬಳಿಗಾಗಿ ಮೊಟ್ಟೆ ಬೇಯಿಸಿಕೊಂಡು ಅತ್ತಳಂತೆ. ಅಂಥವಳ ಮನೆಯ ಮೇಲೆ ಇವರ ಕಣ್ಣು ಬಿತ್ತು.

ಬಿದ್ದ ರೀತಿಯೇ ಹೇಸಿಗೆ ಹುಟ್ಟಿಸುವಂಥದ್ದು. ನಾವು ಕೊಡುವ ಬಾಡಿಗೆಯಲ್ಲಿ ಒಂದು ಪಾಲನ್ನು ಮಾಡು, ಬಣ್ಣ, ಹೀಟರ್‌ಗೆಂದು ಬೇರೆಯಾಗಿ ಇಡುವುದು ಪದ್ಧತಿ. ಊರವರು ಕಟ್ಟುವ ತೆರಿಗೆಯ ಒಂದು ಸೆಂಟೂ ಈ ಮನೆಗಳಿಗೆ ಹೋಗಕೂಡದು, ಇವು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎಂದು ಕೌನ್ಸಿಲ್ ನಿಯಮ ಮಾಡಿತ್ತು. ನಿಂತೂ ಇದ್ದವು. ಹೊಸ ಗಾಜಿನ ಕಟ್ಟಡಕ್ಕೆ ದುಡ್ಡು ಸಾಲದೆ ಹೋದಾಗ ಕೌನ್ಸಿಲ್ ಆ ಗಂಟಿನಿಂದ ತನಗೆ ತಾನೇ ಸಾಲ ಕೊಟ್ಟುಕೊಂಡಿತು. ತಿರುಗಿ ಹಾಕಲಿಲ್ಲ. ಆಮೇಲೆ ನಮ್ಮ ಮಾಡು ಸೋರಿತು, ಗೋಡೆಗೆ ಬೂಷ್ಟು ಹತ್ತಿತು. ಆಗ ಇವರು ಮುಖ ಸಪ್ಪೆ ಮಾಡಿಕೊಂಡು, ಈ ಮನೆಗಳು ತಮ್ಮ ಕಾಲ ಮೇಲೆ ನಿಲ್ಲುತ್ತಿಲ್ಲ, ಮಾರಿಬಿಡುವುದೇ ಮೇಲು ಎಂದರು. ಬಸ್ಸಿನಲ್ಲಿ ನಿಮ್ಮ ಜೇಬಿಗೆ ಕತ್ತರಿ ಹಾಕಿದವನೇ, ಟಿಕೆಟ್ಟಿಗೆ ದುಡ್ಡಿಲ್ಲವಲ್ಲ ಎಂದು ನಿಮ್ಮನ್ನು ಕೆಳಗಿಳಿಸಿದ ಹಾಗೆ.

ಊರಿನ ಅಭಿಪ್ರಾಯ ಕೇಳುತ್ತೇವೆ ಎಂದು ಮನೆಮನೆಗೂ ಬಣ್ಣದ ಪುಸ್ತಕ ಹಂಚಿದರು. ಮೂರು ದಾರಿಗಳಲ್ಲಿ ಒಂದನ್ನು ಆರಿಸಿ ಎಂದಿತ್ತು. ಮಾರಾಟದ ದಾರಿಯ ಪಕ್ಕದಲ್ಲಿ ಮಾತ್ರ ‘ಕೌನ್ಸಿಲ್‌ನ ಇಷ್ಟ’ ಎಂದು ಹಸಿರು ಗುರುತು ಹಾಕಿಯೇ ಕಳಿಸಿದ್ದರು. ನಿಶ್ಚಯ ಮಾಡಿಕೊಂಡ ಮೇಲೆ ಕೇಳುವುದೆಂದರೆ ಇದೇ.

ಆಗ ನಮ್ಮ ವಾರ್ಡಿನ ಕೌನ್ಸಿಲರ್ ಆಗಿದ್ದವನು ಟೆಡ್ ಬಿಸೆಟ್, ನಿವೃತ್ತ ದನದ ಡಾಕ್ಟರು. ಗುಡ್ಡದ ಮೇಲೆ ಸ್ವಂತ ಮನೆ. ಒಳ್ಳೆಯವನೇ, ನಮ್ಮ ಪರವಾಗಿ ಕೈ ಎತ್ತುತ್ತಿದ್ದ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಸಭೆಯಲ್ಲಿ ತೂಕಡಿಸುತ್ತಿದ್ದ. ಚುನಾವಣೆ ಹತ್ತಿರ ಬಂದಾಗ ನಮಗೆಲ್ಲ ಒಂದು ಯೋಚನೆ ಬಂತು: ಸೋರುವ ಮಾಡಿನ ಕೆಳಗೆ ಇರುವವರೇ ಆ ಮೇಜಿನಲ್ಲಿ ಕೂತರೆ ಅವರಿಗೆ ಸ್ವಲ್ಪವಾದರೂ ನಾಚಿಕೆ ಆಗುತ್ತದೆ. ಚೀಸ್ ರೋಲ್ ಸುತ್ತಿಕೊಂಡು, ಈ ಸಲ ನೀನು ನಿಲ್ಲಬೇಡ ಎಂದು ಕೇಳಲು ಟೆಡ್‌ನ ಮನೆಗೆ ಹೋದೆವು.

“ನನಗೂ ಸಾಕಾಗಿದೆ,” ಎಂದ ಟೆಡ್, ಎರಡನೇ ರೋಲ್‌ಗೆ ಕೈ ಹಾಕುತ್ತ. “ನೋಲೀನ್ ನಿಲ್ಲಲಿ. ನಾನು ಕೂಗಿದ್ರೆ ಕುರಿ ಕೂಗಿದ ಹಾಗೆ. ಅವಳು ಕೂಗಿದ್ರೆ ಓಡ್ತಾರೆ.”

ನೋಲೀನ್ ಮಾತ್ರ ಒಪ್ಪಲಿಲ್ಲ, ನನ್ನ ಮೇಲೆ ರೇಗಿದಳು. “ಡಲ್ಸಿ, ನಿಮಗೆಲ್ಲ ತಲೆ ಕೆಟ್ಟಿದ್ಯಾ? ನಾನು ಓದಿದ್ದು ಎಷ್ಟು, ಅವರ ಕಾಗದದ ಗುಡ್ಡೆ ಎಷ್ಟು?”

“ಓದೋಕೆ ಟೆಡ್ ಇದ್ದಾನೆ. ನೀನು ಬೈಯೋಕೆ ಹೋಗು,” ಎಂದೆ.

ಹೋದಳು. ಗೆದ್ದಳು ಕೂಡ. ಗೆದ್ದ ಮೇಲೆ ತಲೆ ಎಣಿಸಿದರೆ ಮೇಯರ್ ಸೇರಿ ಒಂಬತ್ತು ಜನರಲ್ಲಿ ಐವರು ಮನೆ ಉಳಿಸುವ ಕಡೆ, ನಾಲ್ವರು ಮಾರುವ ಕಡೆ. ಐದನೆಯವಳು ನೋಲೀನ್. ಕೋವೈ ಲೇನ್ ಉಳಿಯಿತು ಎಂದು ನಾವು ಹಿತ್ತಲಲ್ಲಿ ಮತ್ತೆ ತರಕಾರಿ ಬೀಜ ಹಾಕಿದೆವು. ಆ ಬೇಸಿಗೆಯೆಲ್ಲ ಅವಳು ಕೌನ್ಸಿಲ್ಲಿನಲ್ಲಿ ನಾಯಿ ಪರವಾನಗಿಗೂ ಜಗಳವಾಡಿದಳು, ಚರಂಡಿಗೂ ಜಗಳವಾಡಿದಳು. ಮುಖ್ಯಾಧಿಕಾರಿ ಕ್ರೇಗ್ ಲ್ಯಾಂಗ್ಮನ್ ಪ್ರತಿ ಸಭೆಯಲ್ಲೂ ಅವಳಿಗೆ ತಾನೇ ಚಹಾ ತಂದುಕೊಡುತ್ತಿದ್ದ. “ಹುಡುಗ ಪರವಾಗಿಲ್ಲ ಕಣೇ,” ಎನ್ನುತ್ತಿದ್ದಳು ಅವಳು.

ನಿರ್ಧಾರದ ಸಭೆ ಜೂನ್‌ನಲ್ಲಿ ಬಂತು, ನಮ್ಮ ಕಡೆಯ ನಡುಚಳಿಗಾಲದಲ್ಲಿ. ಹೊರಗೆ ಹುಲ್ಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಲೇನಿನವರೆಲ್ಲ ಕೋಟು ಹಾಕಿಕೊಂಡು ಸಾರ್ವಜನಿಕರ ಕುರ್ಚಿಗಳಲ್ಲಿ ಕೂತೆವು. ಟೆಡ್ ಕೂಡ ಬಂದಿದ್ದ. ಕೋಟು ಬಿಚ್ಚಬೇಕಾಯಿತು, ಅಷ್ಟು ಬೆಚ್ಚಗಿತ್ತು ಒಳಗೆ. ಮೇಯರ್ ರಸೆಲ್ ಕಿಲ್ಗರ್ ಎಂದಿನಂತೆ ಮೊದಲು ಕೇಳಿದ, ಇವತ್ತಿನ ವಿಷಯದಲ್ಲಿ ಯಾರಿಗಾದರೂ ಸ್ವಂತ ಹಿತಾಸಕ್ತಿ ಇದೆಯೇ ಎಂದು. ಕ್ರೇಗ್ ಗಂಟಲು ಸರಿಮಾಡಿಕೊಂಡ.

“ಕೌನ್ಸಿಲರ್ ಪಾಸ್ಕೋ ಅವರು ಕೋವೈ ಲೇನಿನ ಬಾಡಿಗೆದಾರರು. ಅವರಿಗೆ ಇದರಲ್ಲಿ ನೇರವಾಗಿ ಹಣದ ಹಿತಾಸಕ್ತಿ ಇದೆ. ಮಾತಾಡೋ ಹಾಗಿಲ್ಲ, ಓಟು ಹಾಕೋ ಹಾಗಿಲ್ಲ. ಹಾಕಿದ್ರೆ ಕಾನೂನು ಪ್ರಕಾರ ಸ್ಥಾನ ಹೋಗುತ್ತೆ.”

ನೋಲೀನ್ ಅವನನ್ನೇ ನೋಡಿದಳು. “ಅಲ್ಲಿ ಇದ್ದೀನಿ ಅಂತಲೇ ಅಲ್ವೇನಪ್ಪ ಜನ ನನ್ನ ಕಳಿಸಿದ್ದು?”

“ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತೆ.”

“ನನ್ನ ಬೇಜಾರು ಹಾಗಿರ್ಲಿ. ಅಲ್ಲಿ ಕೂತಿರೋ ಗ್ರಾಂಟ್ ಮಾವ್ಸನ್‌ಗೆ ಈ ಊರಲ್ಲಿ ಎಷ್ಟು ಬಾಡಿಗೆ ಮನೆ ಇದೆ? ನಮ್ಮನ್ನ ಹೊರಗೆ ಹಾಕಿದ್ರೆ ನಾವು ಹೋಗಿ ನಿಲ್ಲೋದು ಅವನ ಬಾಗಿಲಲ್ಲೇ ತಾನೆ? ಅವನಿಗಿಲ್ವಾ ಹಿತಾಸಕ್ತಿ?”

ಮಾರುವ ಕಡೆಯ ಕೌನ್ಸಿಲರ್ ಗ್ರಾಂಟ್ ತನ್ನ ಕಾಗದಗಳನ್ನು ನೇರ ಮಾಡಿಕೊಂಡ. ಕ್ರೇಗ್ ಉತ್ತರ ಕೊಟ್ಟ. “ಅದು ದೂರದ ಸಂಬಂಧ. ವಕೀಲರ ಹತ್ತಿರ ಕೇಳಿದ್ದೀವಿ.”

“ಅಂದ್ರೆ ವಿಚಾರಿಸಿದ್ದೀಯ. ಯಾವಾಗ?”

“ನೀವು ಆಯ್ಕೆ ಆದಾಗಲೇ.”

“ಹೇಳೋದಲ್ವೇನೋ? ಹೇಳಿದ್ದಿದ್ರೆ ಮನೆ ಬಿಟ್ಟು ಮಗಳ ಗ್ಯಾರೇಜಲ್ಲಿ ಮಲಗ್ತಿದ್ದೆ. ಮಲಗಿ ಬಂದು ಓಟು ಹಾಕ್ತಿದ್ದೆ.”

“ನೀವು ಕೇಳಲಿಲ್ಲ, ನೋಲೀನ್.”

ನನಗೆ ಮೈಯೆಲ್ಲ ಉರಿಯಿತು. ಅಷ್ಟು ತಿಂಗಳು ಚಹಾ ತಂದುಕೊಟ್ಟ ಕೈ ಅದು. ನೋಲೀನ್ ಕುರ್ಚಿ ಹಿಂದೆ ತಳ್ಳಿ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ಆಚೆ ಬದಿಯಲ್ಲಿ ಟೆಡ್ ತಲೆ ತಗ್ಗಿಸಿಕೊಂಡಿದ್ದ. ಸ್ವಂತ ಮನೆಯಿದ್ದ ಆ ತೂಕಡಿಸುವ ಮುದುಕ ಆ ಕುರ್ಚಿಯಲ್ಲಿದ್ದಿದ್ದರೆ ಯಾರೂ ಅವನನ್ನು ಎಬ್ಬಿಸುತ್ತಿರಲಿಲ್ಲ. ಮನೆಯಿದ್ದವನು ನಮ್ಮ ಮನೆಯ ವಿಷಯ ತೀರ್ಮಾನಿಸಬಹುದು, ಆ ಮನೆಯೊಳಗೆ ಇರುವವಳು ತೀರ್ಮಾನಿಸುವ ಹಾಗಿಲ್ಲ. ಅವನನ್ನು ಚೀಸ್ ರೋಲ್ ಕೊಟ್ಟು ಇಳಿಸಿ ಬಂದವರು ನಾವೇ.

ಓಟು ನಾಲ್ಕಕ್ಕೆ ನಾಲ್ಕು ಬಿತ್ತು. ಸಮ ಬಂದರೆ ಮೇಯರ್ ಇನ್ನೊಂದು ಓಟು ಹಾಕಬಹುದು. “ಇದು ಬಹಳ ಕಷ್ಟದ ನಿರ್ಧಾರ,” ಎಂದು ರಸೆಲ್ ಎದೆಯ ಮೇಲೆ ಕೈ ಇಟ್ಟುಕೊಂಡ. ಅದೇ ಕೈಯನ್ನು ಎರಡನೇ ಸಲ ಎತ್ತಿದ. ಅವನಿಗೆ ಏನು ಕಷ್ಟವೋ ನನಗೆ ಇವತ್ತಿಗೂ ತಿಳಿದಿಲ್ಲ. ಮನೆಗಳು ಮಾರಾಟಕ್ಕೆ ಹೋದವು.

“ನೋಲೀನ್, ಈಗ ನೀವು ವಾಪಸ್ ಬರಬಹುದು,” ಎಂದ ಕ್ರೇಗ್, ನಗುಮುಖದಿಂದ.

ಹೋಗಬೇಡ ಎಂದು ನಾನು ಅವಳ ತೋಳು ಹಿಡಿದೆ. ಬಿಡಿಸಿಕೊಂಡು ಹೋಗಿ ಕೂತಳು. ಮುಂದಿನ ವಿಷಯ, ಲೇನಿನವರು ಬೇರೆ ಮನೆ ಹುಡುಕಿಕೊಳ್ಳಲು ನೆರವಾಗುವ ಸಮಿತಿ. ನೋಲೀನ್, ಗ್ರಾಂಟ್ ಇಬ್ಬರ ಹೆಸರನ್ನೂ ಮೇಯರ್ ತಾನೇ ಹೇಳಿದ. “ಅಲ್ಲಿನವರ ಕಷ್ಟ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು ನೋಲೀನ್? ಮನೆಮನೆಗೆ ನೀವೇ ಹೋಗಿ ಮಾತಾಡಿದ್ರೆ ಅವರಿಗೂ ಸಮಾಧಾನ.”

“ಹತ್ತು ನಿಮಿಷದ ಹಿಂದೆ ಗೊತ್ತಿರೋದೇ ತಪ್ಪಾಗಿತ್ತಲ್ಲ, ರಸೆಲ್,” ಎಂದಳು ಅವಳು. ಮೇಜಿನ ಸುತ್ತ ಒಂದಿಬ್ಬರು ನಕ್ಕರು. ನಕ್ಕವರ ಮುಖಗಳನ್ನು ನಾನು ಮರೆತಿಲ್ಲ.

ಅವಳು ಒಪ್ಪಿಕೊಂಡಳು. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಬೈದೆ. “ಅವರ ಹೊಲಸನ್ನ ನೀನ್ಯಾಕೆ ಬಳೀತೀಯ?”

“ನಾನು ಬಿಟ್ರೆ ಎಲ್ಲಾ ಮನೆಗೂ ಗ್ರಾಂಟ್ ಬರ್ತಾನೆ ಕಣೇ, ತನ್ನ ಬಾಡಿಗೆ ಎಷ್ಟು ಅಂತ ಹೇಳ್ಕೊಂಡು. ಬೇಕಾ ನಿನಗೆ?”



ಮುಂದಿನ ವಾರ ಅವಳು ಒಂದೊಂದೇ ಬಾಗಿಲು ತಟ್ಟಿದಳು. ಕೆಲವರು ಅತ್ತರು, ಒಬ್ಬ ಬಾಗಿಲು ದಢಾರನೆ ಹಾಕಿದ. ನೀನೂ ಅವರ ಕಡೆಯವಳಾದೆ ಎಂದು ಮುಖದ ಮೇಲೆ ಹೇಳಿದವರೂ ಇದ್ದರು. ಎಲ್ಲ ಮುಗಿಸಿ ಕೊನೆಗೆ ನನ್ನ ಮನೆಗೆ ಬಂದಳು. ಚಹಾ ಕೊಟ್ಟೆ, ಕುಡಿಯಲಿಲ್ಲ. ಕನ್ನಡಕ ಹಾಕಿಕೊಂಡು ಕೌನ್ಸಿಲ್ಲಿನ ಕಾಗದ ತೆಗೆದಳು.

“ಹೇಳು ಡಲ್ಸಿ. ಎಲ್ಲಿಗೆ ಹೋಗ್ತೀಯ?”

“ಎಲ್ಲಿಗೂ ಹೋಗಲ್ಲ.”

“ಎಲ್ಲರೂ ಅದನ್ನೇ ಹೇಳಿದ್ರು. ಅದನ್ನ ಬರ್ಕೊಳ್ಳೋಕೆ ಇಲ್ಲಿ ಜಾಗ ಇಟ್ಟಿಲ್ಲ.”

“ನಿನ್ನದು ಏನಂತ ಬರ್ದೆ?”

ಅವಳು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ನನ್ನದು ನಾನು ಬರೆಯೋ ಹಾಗಿಲ್ವಂತೆ. ಹಿತಾಸಕ್ತಿ. ನಾಳೆ ಬೆಳಿಗ್ಗೆ ಗ್ರಾಂಟ್ ಬಂದು ಕೇಳ್ತಾನಂತೆ.”