ಐಲೇಸಾ ಅಂದ ದನಿ

ಇದು ಯಾರೋ ಹೇಳಿ ನಾನು ಕೇಳಿದ ಮಾತಲ್ಲ. ಕಲಾದಗಿಯ ಹತ್ತಿರ, ಘಟಪ್ರಭೆಯ ದಂಡೆಯಲ್ಲಿ, ನನ್ನ ಎರಡೂ ಅಂಗೈ ಸುಲಿದುಹೋದ ರಾತ್ರಿ ನಡೆದದ್ದು. ಸುಳ್ಳು ಹೇಳಿ ನನಗೇನು ಬರಬೇಕಾಗಿದೆ? ನಗುವವರು ನಗಲಿ, ನಾನು ಹೇಳಿ ಮುಗಿಸುತ್ತೇನೆ.

ಎಂಬತ್ತರ ದಶಕದ ಆರಂಭ. ನಾವು ಅಂಬಿಗರು. ಅಣ್ಣ ಹನಮಪ್ಪ ಮತ್ತು ನಾನು ಮೀನು ಹಿಡಿದು ಎರಡು ಸಂಸಾರ ನಡೆಸುತ್ತಿದ್ದೆವು. ಉಳಿದವರದು ಹರಗೋಲು, ತಲೆಯ ಮೇಲೆ ಹೊತ್ತು ನಡೆದುಬಿಡುತ್ತಿದ್ದರು. ನಮ್ಮದು ಅಣ್ಣ ಹಟ ಹಿಡಿದು ಮಾಡಿಸಿದ ಹಲಗೆಯ ದೋಣಿ. ಹೊಳೆಯಿಂದ ಕೆರೆಗೆ, ಕೆರೆಯಿಂದ ಹೊಳೆಗೆ ಅದನ್ನು ಒಯ್ಯಲು ಹಳೆಯ ಜೀಪಿನ ಗಾಲಿ ಹಾಕಿದ ಒಂದು ತಗ್ಗು ಟ್ರೇಲರ್ ಇತ್ತು.

ದೋಣಿ ಇಳಿಸುವುದಿರಲಿ, ಏರಿಸುವುದಿರಲಿ, ಇಬ್ಬರ ಕೆಲಸ. ಮುಂದೆ ಹಗ್ಗ ಹಿಡಿದವನು "ಐಸಾ" ಅನ್ನಬೇಕು, ಹಿಂದೆ ನೂಕುವವನು "ಐಲೇಸಾ" ಅನ್ನಬೇಕು. ಹಾಗೆ ಅಂದರೇನೇ ಇಬ್ಬರ ಬಲವೂ ಒಂದೇ ಸಲಕ್ಕೆ ಬೀಳುವುದು.

ಆ ವರ್ಷ ಅಣ್ಣ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಒಂದು ಸಂಜೆ ಊರಲ್ಲಿ ಡಂಗುರ ಸಾರಿದರು... ಮೇಲಿನ ಡ್ಯಾಮಿನಿಂದ ನೀರು ಬಿಡುತ್ತಾರೆ, ಬೆಳಗಾಗುವುದರೊಳಗೆ ಹೊಳೆ ತುಂಬುತ್ತದೆ. ನಮ್ಮ ದೋಣಿ ಹೊಳೆಯಲ್ಲೇ ಕಟ್ಟಿತ್ತು.

"ಯಲ್ಲ್ಯಾ, ದೋಣಿ ಹ್ವಾದ್ರ ಎಲ್ಲಾರೂ ಗೋವಾಕ್ಕ ದುಡಿಯಾಕ ಹೋಗೂದ ನೋಡು," ಅಂದ ಅಣ್ಣ.

ಬೆಳಗಿನಿಂದ ಬಲೆ ಎಳೆದು ನನ್ನ ಮೈಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಗೌಡರ ಟ್ರ್ಯಾಕ್ಟರ್ ಬೇಡಿಕೊಂಡು, ಟ್ರೇಲರ್ ಕಟ್ಟಿ ಹೊರಟೆ. ದಂಡೆಯ ಹೊಲದವರೆಲ್ಲ ತಮ್ಮ ತಮ್ಮ ಪಂಪ್‌ಸೆಟ್ ಮೇಲೆತ್ತುವ ಗಡಿಬಿಡಿಯಲ್ಲಿದ್ದರು.

"ಭೀಮಣ್ಣ, ಚೂರು ಕೈ ಹಚ್ಚಾಕ ಬರ್ರಿ," ಅಂದೆ, ಪರಿಚಯದ ರೈತನೊಬ್ಬನಿಗೆ.

"ಮೋಟರ್ ಎತ್ತಿ ಬರ್ತೇನಿ, ನೀ ಮುಂದ ನಡಿ."

ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನ ಪಾಡು ಅವನಿಗೆ.

ಹೊಳೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಟ್ರೇಲರನ್ನು ಹಿಂದಕ್ಕೆ ನಡೆಸಿ ನೀರಿಗೆ ಮುಟ್ಟಿಸಿದೆ, ಗಾಲಿಗೆ ಕಲ್ಲು ಕೊಟ್ಟೆ, ಎಂಜಿನ್ ಆರಿಸಿದೆ. ಆಮೇಲೆ ಎಂಥ ಮೌನ ಅಂತೀರಿ... ಒಂದು ಕಪ್ಪೆಯೂ ಕೂಗುತ್ತಿರಲಿಲ್ಲ. ಹಸಿ ಕೆಸರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಲಾಟೀನಿನ ಬೆಳಕು ದೋಣಿಯ ಅರ್ಧಕ್ಕೆ ಮುಗಿಯುತ್ತಿತ್ತು.

ಮುಂದೆ ನಿಂತು ಹಗ್ಗ ಎಳೆದರೆ ದೋಣಿಯ ಹಿಂಭಾಗ ಸೆಳವಿಗೆ ತಿರುಗುತ್ತಿತ್ತು. ಹಿಂದೆ ಹೋಗಿ ನೂಕಿದರೆ ಮೂತಿ ಟ್ರೇಲರಿನಿಂದ ಜಾರುತ್ತಿತ್ತು. ಮುಂದೆ, ಹಿಂದೆ, ಮತ್ತೆ ಮುಂದೆ... ಅಂಗೈ ಸುಲಿದು ರಕ್ತ ಬಂತು. ಗಾಲಿಗೆ ಕೊಟ್ಟ ಕಲ್ಲು ಆಗಲೇ ಮುಳುಗಿತ್ತು. ನೀರು ಏರತೊಡಗಿತ್ತು.

ನನಗೆ ಅಳು ಬಂತು. ಅಣ್ಣನ ಮುರಿದ ಕಾಲಿನ ಮೇಲೂ ಸಿಟ್ಟು, ಡ್ಯಾಮಿನ ಮೇಲೂ ಸಿಟ್ಟು. ಹಗ್ಗವನ್ನು ಹೆಗಲಿಗೆ ಹಾಕಿ ಕಣ್ಣು ಮುಚ್ಚಿದೆ. ಬಾಯಿಗೆ ರೂಢಿ ನೋಡಿ, ಅದು ತಾನೇ ಅಂದಿತು.

"ಐಸಾ..."

"ಐಲೇಸಾ..."

ದೋಣಿ ಒಂದು ಮೊಳ ಮೇಲೆ ಬಂತು.

ಭೀಮಣ್ಣ ಬಂದನೆಂದುಕೊಂಡೆ. ತಿರುಗಿ ನೋಡುವಷ್ಟೂ ತ್ರಾಣವಿರಲಿಲ್ಲ. ಮತ್ತೆ "ಐಸಾ" ಅಂದೆ. ಹಿಂದಿನಿಂದ ಸರಿಯಾದ ಹೊತ್ತಿಗೆ "ಐಲೇಸಾ" ಬಂತು. ಪಳಗಿದ ಕೈ, ಒಂದಿಷ್ಟೂ ಜೋಲಿ ಇಲ್ಲ. ನೋಡನೋಡುತ್ತ ದೋಣಿ ಟ್ರೇಲರಿನ ಮೇಲೆ ಕೂತಿತು.

"ಭಾಳ ಉಪಕಾರ ಆತು ಭೀಮಣ್ಣ. ಬರ್ರಿ, ಬೀಡಿ ಸೇದೂಣು."

ಲಾಟೀನು ಹಿಡಿದು ಹಿಂದೆ ಹೋದೆ. ಯಾರೂ ಇಲ್ಲ... ಆಗಲೇ, ದೂರದ ಹೊಲದಲ್ಲಿ ಭೀಮಣ್ಣ ತನ್ನ ಆಳುಗಳಿಗೆ ಬೈಯುತ್ತಿದ್ದದ್ದು ಕೇಳಿಸಿತು. ಅವನ ಮೋಟರ್ ಇನ್ನೂ ಮೇಲೆ ಬಂದಿರಲಿಲ್ಲ.

ಗಾಲಿಯ ಕಲ್ಲು ತೆಗೆಯಲು ಬಗ್ಗಿದೆ. ಅಷ್ಟರಲ್ಲಿ ನಡುಹೊಳೆಯ ಕತ್ತಲಿನಿಂದ ಬಂತು...

"ಐಸಾ..."

ಹೆದರಿಸುವ ದನಿಯಲ್ಲ ಅದು. ದಣಿದ ದನಿ, ನನ್ನದರ ಹಾಗೆಯೇ. ಯಾರೋ ಒಬ್ಬರೇ ಅಲ್ಲಿ ಏನನ್ನೋ ಎಳೆಯುತ್ತ, ಈ ಕಡೆಯ ಮಾತಿಗೆ ಕಾಯುತ್ತಿದ್ದ ಹಾಗಿತ್ತು. ತುಸು ಹೊತ್ತು ಬಿಟ್ಟು ಮತ್ತೆ ಬಂತು.

"ಐಸಾ..."

"ಐಲೇಸಾ" ನನ್ನ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ಅಂದುಬಿಟ್ಟರೆ ನನ್ನ ಕಾಲೂ ನೀರಿಗೆ ಇಳಿಯುತ್ತದೆ ಅನ್ನಿಸಿತು. ಹೆಗಲ ಮೇಲಿನ ಟಾವೆಲನ್ನು ಬಾಯಿಗೆ ತುರುಕಿಕೊಂಡು ಟ್ರ್ಯಾಕ್ಟರ್ ಹತ್ತಿದೆ. ಎಂಜಿನ್ನಿನ ಸದ್ದಿನಲ್ಲಿ ಆ ದನಿ ನಿಂತಿತೋ ಇಲ್ಲವೋ ತಿಳಿಯಲಿಲ್ಲ.

ಬೆಳಗಾಗುವಷ್ಟರಲ್ಲಿ ಹೊಳೆ ದಂಡೆಗೆ ದಂಡೆ ತುಂಬಿತ್ತು. ದೋಣಿ ನಮ್ಮ ಅಂಗಳದಲ್ಲಿತ್ತು. ನಾವು ಯಾರೂ ಗೋವಾಕ್ಕೆ ಹೋಗಲಿಲ್ಲ.

ಭೀಮಣ್ಣನಿಗೆ ಹೇಳಿದರೆ, ಗುಡ್ಡದ ಮಾರ್ದನಿ ಇರಬೇಕು ಅಂದ. ಮಾರ್ದನಿ ನಾವು ಅಂದದ್ದನ್ನೇ ಅನ್ನಬೇಕಲ್ಲ? ನಾನು ಅಂದದ್ದು ಐಸಾ, ಬಂದದ್ದು ಐಲೇಸಾ.

ಅಣ್ಣ ಮಾತ್ರ ನಗಲಿಲ್ಲ. ಎಲ್ಲ ಕೇಳಿಸಿಕೊಂಡು, ಜಂತಿ ನೋಡುತ್ತಲೇ ಕೇಳಿದ.

"ಆಮ್ಯಾಲೆ ಅವ್ರು ಕರದಾಗ ನೀ ಏನಂದಿ?"

"ಏನೂ ಅನ್ನಲಿಲ್ಲಪಾ."

"ಹಂಗಾರ ಅವ್ರು ಇನ್ನೂ ಎಳಕೋತ ಅದಾರ," ಅಂದು ಗೋಡೆಯ ಕಡೆ ಮುಖ ತಿರುಗಿಸಿದ.

ಹೆದರಿಕೆಗಿಂತ ಈ ಮಾತೇ ನನ್ನನ್ನು ಕಾಡುತ್ತದೆ. ಯಾರೇ ಆಗಿರಲಿ, ಕೈ ಹಚ್ಚಿದವರಿಗೆ ನಾನು ಕೈ ಕೊಟ್ಟು ಬಂದೆ...